ಮಂಗಳಿಯ ಕಲ್ಲು

ಸ್ಕ್ರೀನ್ ಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ಇಳೀತಾ ಹೋಗಿ, ಕೊನೆಗೆ ಇದ್ದಕ್ಕಿದ್ದ ಹಾಗೆ ಒಂದು ದಿಬ್ಬ ಏರ್ತಿತ್ತು. ಆ ದಿಬ್ಬ ಈಗಲೂ ನನ್ನ ಕಣ್ಣಲ್ಲಿದೆ. ನಮ್ಮ ಕಾಲೇಜಿಗೆ ಗಾಮಾ ಕಿರಣ ಅಳೆಯೋ ಸ್ಪೆಕ್ಟ್ರೋಮೀಟರ್ ಬಂದ ವಾರ ಅದು. ನಾನೂ ನನ್ನ ಗೆಳತಿ ಉಷಾರಾಣಿಯೂ ಕ್ಲಾಸು ಬಿಟ್ಟು ಅದರ ಮುಂದೇನೇ ಠಿಕಾಣಿ ಹೂಡಿದ್ವಿ.

"ಒಳಗೆ ಏನೂ ಇಟ್ಟಿಲ್ಲ ಕಣೇ, ಆದ್ರೂ ಏರ್ತಿದೆ!" ಅಂದೆ.

"ನಿನ್ನ ಮುಖ ನೋಡಿ ಬೆಚ್ಚಿಬಿದ್ದಿರ್ಬೇಕು," ಅಂದ್ಲು ಉಷಾ.

ನಮ್ಮ ಫಿಸಿಕ್ಸ್ ಮೇಡಂ ತಸ್ನೀಮ್ ನಗಲಿಲ್ಲ. ಸುತ್ತಲಿನ ಊರುಗಳ ಮಣ್ಣಲ್ಲಿ ವಿಕಿರಣ ಎಷ್ಟಿದೆ ಅಂತ ನಮ್ಮ ಕೈಯಿಂದಲೇ ಅಳೆಸಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ಮಣ್ಣಿನದು ಪಿಸುಮಾತು. ಇಂಥ ದಿಬ್ಬ ಅಡ್ಡ ಕೂತರೆ ಅದು ಕೇಳಿಸೋದೇ ಇಲ್ಲ.

ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಎಲ್ಲ ವೈರೂ ಬಿಚ್ಚಿ ಹಾಕಿ ನೋಡಿದರು. ಕೊನೆಗೆ ಬಗ್ಗಿ, ಯಂತ್ರದ ಅಡಿಯಲ್ಲಿದ್ದ ಗ್ರಾನೈಟ್ ಚಪ್ಪಡಿಯನ್ನ ತಟ್ಟಿದರು.

"ಕಳ್ಳ ಇಲ್ಲಿದ್ದಾನೆ. ಈ ಕಲ್ಲಲ್ಲೇ ಪೊಟ್ಯಾಸಿಯಂ ಇದೆ, ಅದರ ಕಿರಣ ಇದು. ಹೊರಗಿನ ಕಿರಣ ತಡೆಯೋಕೆ ಸುತ್ತಲೂ ಮೇಲೂ ಸೀಸದ ಇಟ್ಟಿಗೆ ಇಟ್ಟಿದ್ದೀರಿ, ಕೆಳಗೆ ಮಾತ್ರ ಇಲ್ಲ. ಕಲ್ಲು ತೆಗೆಸಿ, ಕಬ್ಬಿಣದ ಮೇಜು ಹಾಕಿ."

ನಾವೆಲ್ಲ ಚಪ್ಪಡಿಯ ಅಂಚಲ್ಲಿದ್ದ ಅಕ್ಷರಗಳನ್ನ ನೋಡಿದ್ವಿ.

ನಮ್ಮೂರಲ್ಲಿ ಫ್ಯಾನ್ ದಾನ ಕೊಟ್ಟವರ ಹೆಸರು ಫ್ಯಾನಿನ ರೆಕ್ಕೆ ಮೇಲೇ ಇರುತ್ತೆ. ಈ ಯಂತ್ರ, ಅದರ ಅಡಿಯ ಕಲ್ಲು ಎರಡನ್ನೂ ಕೊಡಿಸಿದ್ದು ಎಣ್ಣೆ ಗಿರಣಿ ಮಹಾದೇವಯ್ಯನವರು. ಅವರ ಮಗಳು ಇದೇ ಲ್ಯಾಬಲ್ಲಿ ಓದ್ತಿದ್ದೋಳು, ಕೊನೇ ವರ್ಷದಲ್ಲಿ ಜ್ವರ ಬಂದು ತೀರಿಕೊಂಡ್ಲು. ಚಪ್ಪಡಿಯ ಅಂಚಿನಲ್ಲಿ ಅವಳ ಹೆಸರು ಕೆತ್ತಿಸಿದ್ರು: ಸರ್ವಮಂಗಳಾ. ಯಂತ್ರದ ಪೂಜೆ ದಿನ ಅವರೇ ಆ ಅಕ್ಷರಗಳಿಗೆ ವಿಭೂತಿ ಹಚ್ಚಿದ್ರು.

"ಆ ಕಲ್ಲಿಗೆ ಕೈ ಹಾಕಿದ್ರೆ ಆ ಮನುಷ್ಯ ಮೆಷಿನ್ನೂ ಹೊತ್ಕೊಂಡು ಹೋಗ್ತಾರೆ," ಅಂದ್ರು ಪ್ರಿನ್ಸಿಪಾಲರು. "ಹೆಂಗೋ ನಡೆಸಿಬಿಡಿ ಮೇಡಂ."

"ತಪ್ಪು ಅಂಕಿ ಬರೆಸೋಕೆ ಮೆಷಿನ್ ಯಾಕೆ ಬೇಕಿತ್ತು ಸರ್?"

ಮಾರನೇ ದಿನ ಮಹಾದೇವಯ್ಯನವರು ಬಂದ್ರು. ಮೇಡಂ ಸುತ್ತಿ ಬಳಸಿ ಮಾತಾಡಲಿಲ್ಲ. ಸ್ಕ್ರೀನ್ ಮುಂದೆ ಕುರ್ಚಿ ಹಾಕಿ ಕೂರಿಸಿ, ಆ ದಿಬ್ಬ ತೋರಿಸಿದ್ರು. ಕಲ್ಲಿನ ವಿಷಯ ಹೇಳಿದ್ರು.

"ಇದು ನನ್ನ ಕಲ್ಲಿಂದ ಬರ್ತಿರೋದಾ?"

"ಹೌದು ಯಜಮಾನ್ರೇ."

"ಯಾವಾಗ ನಿಲ್ಲುತ್ತೆ?"

"ನಿಲ್ಲಲ್ಲ. ಅರ್ಧಕ್ಕೆ ಇಳಿಯೋಕೇ ನೂರು ಕೋಟಿ ವರ್ಷಕ್ಕಿಂತ ಹೆಚ್ಚು ಬೇಕು."

ಅವರು ಸ್ಕ್ರೀನಿಗೆ ಇನ್ನೂ ಹತ್ತಿರ ಬಗ್ಗಿದ್ರು. ದಿಬ್ಬದ ಮೇಲೆ ಒಂದೊಂದೇ ಚುಕ್ಕಿ ಸೇರ್ತಿತ್ತು. ಪ್ರಿನ್ಸಿಪಾಲರು ಕರ್ಚೀಫು ಹಿಂಡ್ತಿದ್ರು. ಉಷಾ ನನ್ನ ಕೈ ಎಷ್ಟು ಜೋರಾಗಿ ಹಿಡ್ಕೊಂಡಿದ್ಲು ಅಂದ್ರೆ ಬಳೆ ಒತ್ತಿ ನೋಯ್ತಿತ್ತು.

"ನಮ್ಮ ಮಂಗಳಿ ಕ್ಲಾಸಲ್ಲಿ ಬಾಯಿ ಮುಚ್ಕೊಂಡು ಕೂತೋಳೇ ಅಲ್ಲ," ಅಂದ್ರು ಮಹಾದೇವಯ್ಯನವರು ಕೊನೆಗೆ. "ಪಾಠದ ಮಧ್ಯೆ ಹರಟೆ. ಮೇಷ್ಟ್ರು ವಾರಕ್ಕೆರಡು ಸಲ ಆಚೆ ಕಳಿಸ್ತಿದ್ರು. ಮನೆಗೆ ಬಂದು ಅದನ್ನೂ ನಗ್ತಾ ಹೇಳೋಳು." ಕುರ್ಚಿಯಿಂದ ಎದ್ರು. "ಈ ಸಲಾನೂ ಆಚೆ ಕಳಿಸಿ ಮೇಡಂ. ಬೇರೆ ಮಕ್ಕಳು ಓದ್ಲಿ."

ಯಂತ್ರ ಉಳೀತು. ಕಲ್ಲನ್ನ ಹೊಂಗೆ ಮರದ ಕೆಳಗೆ ಬೆಂಚಿನ ಹಾಗೆ ಕೂರಿಸಿದ್ರು.

"ಇದರ ಮೇಲೆ ಕೂತ್ರೆ ಏನೂ ಆಗಲ್ವಾ ಮೇಡಂ?" ಅಂತ ಉಷಾ ಕೇಳಿದ್ಲು.

"ನಿನ್ನ ಮೈಯಲ್ಲೂ ಅದೇ ಪೊಟ್ಯಾಸಿಯಂ ಇದೆ. ನಿನ್ನ ಪಕ್ಕ ಇವಳು ಕೂರೋದಿಲ್ವಾ?" ಅಂದ್ರು ಮೇಡಂ, ನನ್ನ ಕಡೆ ತೋರಿಸಿ.

ಒಂದು ಮಧ್ಯಾಹ್ನ ನಾವೆಲ್ಲ ಅಲ್ಲಿ ಒತ್ತಿಕೊಂಡು ಕೂತು, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕ್ತಾ ಗಲಾಟೆ ಮಾಡ್ತಿದ್ವಿ. ಮಹಾದೇವಯ್ಯನವರು ಬಂದಿದ್ದು ಗೊತ್ತೇ ಆಗಲಿಲ್ಲ. ನಾನು ಎದ್ದು ಜಾಗ ಬಿಡೋಕೆ ಹೋದೆ. ಅವರು ಅಂಗೈ ಅಡ್ಡ ಮಾಡಿ ಕೂರಿಸಿದ್ರು. ಆಮೇಲೆ ಕೈ ಹಿಂದೆ ಕಟ್ಕೊಂಡು, ನಮ್ಮ ಹರಟೆ ಕೇಳ್ತಾ, ಬಿಸಿಲಲ್ಲೇ ನಿಂತಿದ್ರು.