ಅಕ್ಬರಬಿಯ ಬದನೆ ಸಸಿ

ನೀರು ಹಾಕಿದ್ದೀರಿ, ಗೊಬ್ಬರ ಹಾಕಿದ್ದೀರಿ, ಕಳೆಯನ್ನೂ ಕಿತ್ತಿದ್ದೀರಿ. ಆದರೂ ಮಧ್ಯಾಹ್ನವಾಗುವುದೇ ತಡ, ಬದನೆ ಗಿಡ ಎಲೆ ಇಳಿಬಿಟ್ಟು ನಿಲ್ಲುತ್ತದೆ. ಸಂಜೆಗೆ ಚೇತರಿಸಿಕೊಂಡ ಹಾಗೆ ಮಾಡಿ ಮರುದಿನ ಮತ್ತೆ ಅದೇ ಹಾಡು. ತಿಂಗಳೆರಡಾದರೂ ಗಿಡ ಮೊಣಕಾಲು ಮುಟ್ಟುವುದಿಲ್ಲ. ಎಲೆಯೆಲ್ಲ ಹಳದಿ, ಕಾಯಿ ಗೋಲಿಯಷ್ಟು. ನಿಮ್ಮ ಕಾಯಿಪಲ್ಲೆಯ ವಾಡಿಯಲ್ಲೂ ಹೀಗಾಗಿದ್ದರೆ ಮುಂಬಯಿಯ ಗೋರೆಗಾಂವಿನ ಅಕ್ಬರಬಿಯ ಸಂಗತಿಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿರಿ.

ಇದು ಎರಡು ವರ್ಷದ ಹಿಂದಿನ, ಎಪ್ಪತ್ತಾರನೇ ಇಸವಿಯ ಮಾತು. ಗೋರೆಗಾಂವ್ ಸ್ಟೇಶನ್ನಿನ ಪೂರ್ವಕ್ಕೆ, ಎಮ್ಮೆಗಳನ್ನು ಕಟ್ಟುವ ತಬೇಲಾದ ಹಿಂದೆ, ಒಂದು ಬಾವಿಯ ಸುತ್ತ ಹದಿನೇಳು ತುಂಡು ಕಾಯಿಪಲ್ಲೆಯ ವಾಡಿ. ಮಾಡುವವರು ಹೆಚ್ಚಾಗಿ ವಿಜಾಪುರದ ಕಡೆಯಿಂದ ಬಂದವರು. ಗಂಡಸರು ಮಿಲ್ಲಿಗೋ ಕಾರ್ಖಾನೆಗೋ ಹೋದರೆ ಹೆಂಗಸರು ಬಾವಿಯ ನೀರು ಸೇದಿ ಬದನೆ, ಬೆಂಡೆ, ಟೊಮ್ಯಾಟೊ ಬೆಳೆದು ಸ್ಟೇಶನ್ನಿನ ಮುಂದೆ ಕೂತು ಮಾರುತ್ತಿದ್ದರು. ಇವರಿಗೆಲ್ಲ ಸಸಿ, ಅವರ ಮಾತಿನಲ್ಲಿ ಅಗಿ, ಬೆಳೆಸಿ ಕೊಡುವವಳು ಅಕ್ಬರಬಿ, ಇಂಡಿ ಕಡೆಯವಳು, ಐವತ್ತರ ಹೆಂಗಸು. ಗಂಡ ದಾವಲಸಾಬ ಪಿಂಜಾರ. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಅಂಧೇರಿಯ ಬಿಲ್ಡಿಂಗುಗಳ ಕೆಳಗೆ ಗಾದಿ ಹಿಂಜಿಸುವವರನ್ನು ಕೂಗುತ್ತಾ ತಿರುಗುವವನು.

ಅಕ್ಬರಬಿಯ ಕೈಗುಣ ಛಲೋ ಎಂಬುದು ಇಡೀ ವಾಡಿಯ ನಂಬಿಕೆ. ಎಲ್ಲರಿಗೂ ಅವಳ ಸಸಿಮಡಿಯ ಸಸಿಯೇ ಬೇಕು. ಸಾಲದ್ದಕ್ಕೆ ನಾಟಿಯ ದಿನ ಪ್ರತಿಯೊಂದು ತುಂಡಿನಲ್ಲೂ ಮೊದಲ ಸಸಿಯನ್ನು ಅವಳೇ ಊರಬೇಕು. ಅವಳಾದರೂ ಸಸಿಯನ್ನು ಸುಮ್ಮನೆ ಕಿತ್ತು ಕೊಡುವವಳಲ್ಲ. ಹುಟ್ಟಿದ ಮಣ್ಣು ಜೊತೆಗಿದ್ದರೆ ಹೊಸ ಜಾಗದಲ್ಲಿ ಹೆದರುವುದಿಲ್ಲವೆಂದು ಮಣ್ಣಿನ ಹೆಂಟೆ ಸಮೇತ ಎತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವಷ್ಟು ಜೋಪಾನದಿಂದ ಬುಟ್ಟಿಯಲ್ಲಿಟ್ಟು ಕೊಡುತ್ತಿದ್ದಳು. ಹನ್ನೆರಡು ವರ್ಷ ಹೀಗೇ ನಡೆಯಿತು.

ಆದರೆ ಎರಡು ಚಳಿಗಾಲದಿಂದ ವಾಡಿಗೆ ಏನೋ ಆಗಿತ್ತು. ಒಬ್ಬರ ತುಂಡಿನಲ್ಲಿ ಮೂಲೆಯ ಗಿಡಗಳು ಸೊರಗಿದರೆ ಇನ್ನೊಬ್ಬರಲ್ಲಿ ನಡುವಿನ ಸಾಲು ಹಳದಿಯಾಯಿತು. ಅಕ್ಬರಬಿಯ ಸ್ವಂತ ತುಂಡು ಮಾತ್ರ ತಬೇಲಾದ ಮಗ್ಗುಲಲ್ಲಿ ಹಸಿರಾಗಿಯೇ ಇತ್ತು. ಅಷ್ಟು ಸಾಕಾಯಿತು ನಾಲಿಗೆಗಳಿಗೆ. ಮುದುಕಿಯ ಕೈಗುಣ ಕೆಟ್ಟಿತು ಎಂದು ಒಬ್ಬರು, ಒಳ್ಳೆಯದನ್ನು ತನಗಿಟ್ಟುಕೊಂಡು ಕುಂಟು ಸಸಿಯನ್ನು ನಮಗೆ ದಾಟಿಸುತ್ತಾಳೆ ಎಂದು ಇನ್ನೊಬ್ಬರು ಆಡಿಕೊಂಡರು. ಎಲ್ಲರಿಗಿಂತ ಹೆಚ್ಚು ಹಾಳಾದದ್ದು ಶರಣವ್ವನ ತುಂಡು. ಶರಣವ್ವ ಮತ್ತು ಅಕ್ಬರಬಿ ಒಂದೇ ವಾರ ಮುಂಬಯಿಗೆ ಬಂದಿಳಿದವರು, ಸಾಲುಮನೆಗಳ ಒಂದೇ ಚಾಳಿನವರು, ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದವರು.

ಅಕ್ಟೋಬರಿನಲ್ಲಿ ಮಳೆ ಹಿಂದೆಗೆದು ಸಸಿ ನಾಟಿಗೆ ಬಂದಿತ್ತು. ಆಗ ಒಂದು ಬೆಳಿಗ್ಗೆ ಶರಣವ್ವ ಬಾವಿಯ ಹತ್ತಿರ ಯಾರಿಗೋ ಹೇಳುತ್ತಿದ್ದ ಮಾತು ಅಕ್ಬರಬಿಯ ಕಿವಿಗೆ ಬಿತ್ತು. ಈ ಸಲ ಮಲಾಡಿನಿಂದ ಸಸಿ ತರಿಸುತ್ತೇನೆ, ಆಕೆಯ ಕೈಯದು ಬೇಡ ಎಂದಿದ್ದಳು. ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದ ಅಕ್ಬರಬಿ ಆ ದಿನ ರೊಟ್ಟಿ ಮುಟ್ಟಲಿಲ್ಲ. ಬೇರೆ ಯಾರು ಅಂದಿದ್ದರೂ ನುಂಗಿಕೊಳ್ಳುತ್ತಿದ್ದಳು, ಪಾಪ.

ಆ ಭಾನುವಾರ ದಾವಲಸಾಬ ಅದೇ ಚಾಳಿನ ಗುರಲಿಂಗಪ್ಪನ ಗಾದಿ ಹಿಂಜುತ್ತಿದ್ದ. ಬಿಲ್ಲಿನ ಸದ್ದಿನ ನಡುವೆಯೇ ಹೆಂಡತಿಯ ಸಂಕಟವನ್ನೆಲ್ಲ ತೋಡಿಕೊಂಡ. ಗುರಲಿಂಗಪ್ಪ ಧಾರವಾಡದವನು. ಅಂಧೇರಿಯ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಪಟ್ಟಿ ತೊಳೆದು ಸೂಕ್ಷ್ಮದರ್ಶಕ ಒರೆಸಿಡುವ ಕೆಲಸ. ಇಪ್ಪತ್ತು ವರ್ಷ ತೊಳೆಯುತ್ತಾ ತೊಳೆಯುತ್ತಾ, ಪ್ರೊಫೆಸರು ಹೇಳುವ ಪಾಠವನ್ನು ಕಲಿಯಲು ಬಂದ ಹುಡುಗರಿಗಿಂತ ಚೆನ್ನಾಗಿ ಕಲಿತುಬಿಟ್ಟಿದ್ದ. ಗಿಡ ಮಧ್ಯಾಹ್ನ ಬಾಡಿ ಸಂಜೆ ಏಳುತ್ತದೆ ಎಂದು ಕೇಳಿದ್ದೇ ಚಹಾ ಅರ್ಧಕ್ಕೆ ಬಿಟ್ಟು ವಾಡಿಗೆ ಹೊರಟ.

ಯಾರಿಗೂ ಕೊಡುವುದಲ್ಲ, ಬರೀ ತೋರಿಸಲು ತಾನೇ ಎಂದು ಅಕ್ಬರಬಿ ಒಂದು ಸಸಿಯನ್ನು ಕುತ್ತಿಗೆ ಹಿಡಿದು ಕೀಳಲು ಹೋದಳು. ಹಾಗೆ ಜಗ್ಗಿದರೆ ಸಣ್ಣ ಬೇರುಗಳೆಲ್ಲ ಮಣ್ಣಲ್ಲೇ ಉಳಿಯುತ್ತವೆ ಎಂದು ಗುರಲಿಂಗಪ್ಪ ತಡೆದ. ಖುರಪಿಯಿಂದ ಸುತ್ತಲೂ ಅಗೆದು, ಎತ್ತಿ, ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಾಡಿಸಿದ. ಮಣ್ಣು ಬಿಟ್ಟುಕೊಂಡಾಗ ಬೇರಿನ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಗಂಟುಗಳು ಕಂಡವು. ಅದನ್ನು ನೋಡಿ ಅಕ್ಬರಬಿಯ ಮುಖ ಅರಳಿತು.

"ಇದು ರೋಗ ಅಲ್ಲ ತಮ್ಮಾ, ಕಸುವಿನ ಗಂಟು. ನಮ್ಮೂರಾಗ ಶೇಂಗಾದ ಬೇರಿಗೆ ಇರಾಂಗಿಲ್ಲೇನು? ಗಂಟಿದ್ದ ಬೆಳಿ ಗಟ್ಟಿ. ಹೆಂಟಿ ಅಂಚಿಗೆ ಇಂಥಾ ಗಂಟು ಕಂಡ ಅಗೀನ ನಾ ಆರಿಸಿ ಆರಿಸಿ ತಗೀತೀನಿ."

"ಆರಿಸಿದ್ದು ಯಾರಿಗೆ ಕೊಡ್ತೀರಿ ಅಕ್ಕಾರ?"

"ಮತ್ತ್ಯಾರಿಗೆ, ಶರಣವ್ವಗ."

ಬದುವಿನ ಮೇಲೆ ಊರಿನ ಆಸೆಗೆಂದು ಅಕ್ಬರಬಿ ಹಾಕಿದ್ದ ನಾಲ್ಕು ಶೇಂಗಾ ಗಿಡಗಳಿದ್ದವು. ಗುರಲಿಂಗಪ್ಪ ಅವುಗಳಲ್ಲಿ ಒಂದನ್ನು ಅಗೆದು ತೊಳೆದು ಅವಳ ಕೈಗಿಟ್ಟು, ಗಂಟನ್ನು ಉಗುರಿನಿಂದ ಉಜ್ಜಲು ಹೇಳಿದ. ಉಜ್ಜಿದ ಕೂಡಲೇ ಗಂಟು ಉದುರಿತು. ಬೇರು ಮಾತ್ರ ನೆಟ್ಟಗೆ, ನುಣುಪಾಗಿ ಉಳಿಯಿತು. ಆಮೇಲೆ ಬದನೆಯ ಬೇರು ಉಜ್ಜಿಸಿದ. ಎಷ್ಟು ಉಜ್ಜಿದರೂ ಗಂಟು ಬರಲಿಲ್ಲ. ಅಲ್ಲಿ ಬೇರು ತಾನೇ ಊದಿ ದಪ್ಪಗಾಗಿತ್ತು. ಶೇಂಗಾದ ಗಂಟು ಬೇರಿಗೆ ಅಂಟಿಕೊಂಡು ಗಿಡಕ್ಕೆ ಆಹಾರ ಕೊಡುತ್ತದೆ, ಬದನೆಯ ಗಂಟಿನೊಳಗೆ ಕೂತ ಹುಳ ಗಿಡದ ಆಹಾರ ಹೀರುತ್ತದೆ ಎಂದು ಅವನು ಬಿಡಿಸಿ ಹೇಳಿದ. ಅಕ್ಬರಬಿ ಒಪ್ಪಲಿಲ್ಲ. ಹನ್ನೆರಡು ವರ್ಷ ಕೈಯಾಡಿಸಿದ ಮಣ್ಣಿನಲ್ಲಿ ತನ್ನ ಕಣ್ಣಿಗೆ ಬೀಳದ ಹುಳ ಎಲ್ಲಿಂದ ಬರಬೇಕು, ಕಣ್ಣಾರೆ ನೋಡುವ ತನಕ ನಂಬುವವಳಲ್ಲ ಎಂದಳು.

ಮರುದಿನ ಗುರಲಿಂಗಪ್ಪ ಪ್ರೊಫೆಸರನ್ನು ಕೇಳಿಕೊಂಡು ಅವಳನ್ನು ಕಾಲೇಜಿಗೇ ಕರೆದುಕೊಂಡು ಹೋದ. ಗಂಟೊಂದನ್ನು ಸೂಜಿಯಿಂದ ಸೀಳಿ, ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದ. ಅಕ್ಬರಬಿಗೆ ಮೊದಲು ಕಂಡದ್ದು ತನ್ನದೇ ಕಣ್ಣಿನ ರೆಪ್ಪೆ. ಆಮೇಲೆ ಬೆಳ್ಳಗೆ ಮುತ್ತಿನ ಹಾಗೆ ಉಬ್ಬಿದ್ದೊಂದು ಕಂಡಿತು, ಅದರ ಸುತ್ತ ನೂಲಿಗಿಂತ ತೆಳ್ಳಗಿನ ಮರಿಗಳು ನುಲಿಯುತ್ತಿದ್ದವು. ಇದು ಜಂತುಹುಳ, ಉಬ್ಬಿದ್ದು ತಾಯಿ, ಒಂದೊಂದು ತಾಯಿ ನೂರಾರು ಮೊಟ್ಟೆ ಇಡುತ್ತದೆ ಎಂದ ಗುರಲಿಂಗಪ್ಪ. ಮರಿ ಎಳೆ ಬೇರಿನೊಳಗೆ ಹೊಕ್ಕು ಅಲ್ಲೇ ಠಿಕಾಣಿ ಹೂಡುತ್ತದೆ. ಬೇರು ಗಂಟುಗಟ್ಟಿ ನೀರು ಮೇಲೇರದಂತಾಗುತ್ತದೆ. ಅದಕ್ಕೇ ಬಿಸಿಲೇರಿದಾಗ ಗಿಡ ತಲೆ ಬಗ್ಗಿಸುತ್ತದೆ. ಅಕ್ಬರಬಿಯ ತುಂಡಿಗೆ ತಬೇಲಾದ ಗೊಬ್ಬರ ಬೇಕಾದಷ್ಟು ಸಿಗುವುದರಿಂದ ಅವಳ ಗಿಡ ಹೇಗೋ ತಡೆದುಕೊಂಡಿತ್ತು, ಅಷ್ಟೇ. ಒಳಗೆ ರೋಗ ಇದ್ದೇ ಇತ್ತು.

ಇನ್ನೊಂದು ಗಾಜಿನ ಪಟ್ಟಿಯ ಮೇಲೆ ವಾಡಿಯ ಮಣ್ಣು ನೆನೆಸಿ ಸೋಸಿದ ನೀರಿನ ಹನಿಯಿತ್ತು. ಅದರಲ್ಲೂ ಹತ್ತಾರು ಹುಳ ಹರಿದಾಡುವುದನ್ನು ಕಂಡು ಅಕ್ಬರಬಿ ಗಾಬರಿಯಾದಳು. ಗುರಲಿಂಗಪ್ಪ ಸಮಾಧಾನ ಹೇಳಿದ. ಇವುಗಳಲ್ಲಿ ಹೆಚ್ಚಿನವು ಗಿಡದ ತಂಟೆಗೆ ಹೋಗುವುದಿಲ್ಲ. ಮಣ್ಣಿನ ಕೊಳೆತದ್ದರಲ್ಲಿ ಬೆಳೆಯುವ ಸಣ್ಣ ಜೀವಿಗಳನ್ನು ತಿಂದು ಬೇರಿಗೆ ಗೊಬ್ಬರ ಒದಗಿಸುತ್ತವೆ. ಕೆಲವಂತೂ ಬೆಳೆ ತಿನ್ನುವ ಕೀಟಗಳನ್ನೇ ಕೊಲ್ಲುತ್ತವೆ. ಮಕ್ಕಳ ಹೊಟ್ಟೆಯ ಜಂತು, ಎಮ್ಮೆಯ ಕರುವನ್ನು ಸೊರಗಿಸುವ ಜಂತು, ಇವೂ ಇದೇ ಕುಲದವು. ಬಾಯಲ್ಲಿ ಸೂಜಿಯಿರುವ ಕೆಲವು ಜಾತಿಯವು ಮಾತ್ರ ಬೇರನ್ನು ಚುಚ್ಚುತ್ತವೆ. ಅಕ್ಬರಬಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಇವಕ್ಕ ಕಾಲಿಲ್ಲ, ರೆಕ್ಕಿಲ್ಲ. ನನ್ನ ಮಡಿಯಿಂದ ಶರಣವ್ವನ ತುಂಡಿಗೆ ಹ್ಯಾಂಗ ಹೋದ್ವು?"

"ನಿಮ್ಮ ಬುಟ್ಟ್ಯಾಗ ಕುಂತು ಹೋದ್ವು ಅಕ್ಕಾರ. ಅಗಿ ಜೋಡಿ, ಮಣ್ಣಿನ ಹೆಂಟಿ ಜೋಡಿ."

ಅಂಧೇರಿಯಿಂದ ಗೋರೆಗಾಂವಿಗೆ ಲೋಕಲ್‌ನಲ್ಲಿ ಎರಡೇ ಸ್ಟೇಶನ್. ಅಷ್ಟರಲ್ಲಿ ಅವಳ ಸೆರಗಿನ ತುದಿ ಒದ್ದೆಯಾಗಿತ್ತು.

ಮನೆಯಲ್ಲಿ ದಾವಲಸಾಬ ಒಂದು ಉಪಾಯ ಹೇಳಿದ. ಮಡಿಯನ್ನು ಸದ್ದಿಲ್ಲದೆ ಕಿತ್ತು ಸುಟ್ಟುಬಿಡೋಣ, ಹಿಂದಿನ ಮಳೆಗೆ ಸಸಿ ಕೊಳೆಯಿತು ಎಂದು ಹೇಳೋಣ, ಯಾರಿಗೆ ಗೊತ್ತಾಗುತ್ತದೆ ಎಂದ. ಹೆಂಡತಿಯ ಮೇಲಿನ ಮಮತೆಗೆ ಅಂದ ಮಾತು ಅದು. ಅಕ್ಬರಬಿಯ ಮನಸ್ಸೂ ಆ ಕಡೆ ವಾಲಿತೆಂದು ಇಲ್ಲಿ ಹೇಳಲೇಬೇಕು, ಸುಳ್ಳಾಡುವುದು ಯಾಕೆ? ಬಾಯಿ ಬಿಟ್ಟು ಹೇಳಿದರೆ ಹನ್ನೆರಡು ವರ್ಷದ ಹೆಸರು ಒಂದೇ ಬೆಳಿಗ್ಗೆ ಮಣ್ಣುಪಾಲು. ಆದರೆ ಹೇಳದಿದ್ದರೆ ಮಲಾಡಿನಿಂದ ತಂದ ಸಸಿಯನ್ನೂ ಶರಣವ್ವ ಅದೇ ಹುಳದ ಮಣ್ಣಿಗೇ ಊರುತ್ತಾಳೆ. ಯಾಕೆ ಸಾಯುತ್ತಿದೆ ಎಂದು ಗೊತ್ತಿಲ್ಲದೆ ಮತ್ತೊಂದು ವರ್ಷ ನೀರು ಹೊರುತ್ತಾಳೆ.

"ನನ್ನ ಹೆಸರು ಉಳದು ಆಕಿ ಬೆಳಿ ಸತ್ರ, ನನಗ ತುತ್ತು ಇಳೀತೈತೇನು?" ಎಂದು ಗಂಡನನ್ನು ಕೇಳಿದಳು. ದಾವಲಸಾಬ ಎದ್ದು ಹೋಗಿ ಖುರಪಿ ಹುಡುಕಿ ತಂದ.

ಬೆಳಿಗ್ಗೆ ಹೆಂಗಸರೆಲ್ಲ ನೀರಿಗೆ ಬಂದಾಗ ಅಕ್ಬರಬಿ ಬಾವಿಯ ಕಟ್ಟೆಯ ಮೇಲೆ ಒಂದು ಬುಟ್ಟಿ ಸಸಿ, ಒಂದು ಬಕೆಟ್ ನೀರು ಇಟ್ಟುಕೊಂಡು ಕೂತಿದ್ದಳು. ಒಂದೊಂದೇ ಸಸಿಯ ಬೇರು ತೊಳೆದು ಸಾಲಾಗಿ ಇಟ್ಟಳು. ಏನಿದು ಎಂದು ಎಲ್ಲರೂ ಗುಂಪುಗೂಡಿದರು. ಶರಣವ್ವ ಹಿಂದೆ ನಿಂತಿದ್ದಳು.

"ತಪ್ಪು ನಂದೈತಿ," ಎಂದಳು ಅಕ್ಬರಬಿ. "ರೋಗ ನನ್ನ ಮಡ್ಯಾಗಿತ್ತು. ನಾನೇ ಅದನ್ನ ಹೊತ್ತು ನಿಮ್ಮ ತುಂಡು ತುಂಡಿಗೆ ಮುಟ್ಟಿಸೀನಿ. ಶರಣವ್ವಾ, ನಿನಗ ಎಲ್ಲಾರಕಿಂತ ಹೆಚ್ಚು ಗಂಟಿದ್ದ ಅಗಿ ಕೊಟ್ಟೀನಿ. ಛಲೋ ಅಂತ ತಿಳದು, ನಿನಗಂತನೇ ಆರಿಸಿ ಕೊಟ್ಟೀನವ್ವಾ."

ಹರಿತ ನಾಲಿಗೆಯ ಕಸ್ತೂರಿಬಾಯಿ, ಹಾಗಾದರೆ ನಾವು ಅಂದದ್ದೇ ಖರೆಯಾಯಿತಲ್ಲ ಎಂದು ಗೊಣಗಿದಳು. ಶರಣವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು, ಒಂದು ಸಸಿ ಎತ್ತಿ, ಗಂಟನ್ನು ಉಗುರಿನಿಂದ ಕೆರೆದಳು. ಬರಲಿಲ್ಲ. ಇನ್ನೊಂದು ಎತ್ತಿದಳು, ಅದೂ ಬರಲಿಲ್ಲ. ಆಮೇಲೆ ಅಕ್ಬರಬಿಯ ಮಗ್ಗುಲಲ್ಲಿ ಕೂತು ಅವಳ ಒದ್ದೆ ಕೈ ಹಿಡಿದುಕೊಂಡಳು.

"ಎರಡು ವರ್ಷ ನಾ ಈ ಕೈಗೆ ಅಂದೆ ಅಕ್ಕಾ. ಒಂದು ಗಿಡ ಕಿತ್ತು ಬೇರು ನೋಡ್ಲಿಲ್ಲ," ಎಂದು ಅತ್ತೇಬಿಟ್ಟಳು.

ಅತ್ತು ಮುಗಿದ ಮೇಲೆ ಕೆಲಸ. ಅಕ್ಬರಬಿಯ ಮಡಿಯಷ್ಟೂ ಸಸಿಯನ್ನು ಬೇರು ಸಮೇತ ತೆಗೆದು ಒಣಗಿಸಿ ಸುಟ್ಟರು. ಉಳಿದವರ ಗಿಡಗಳ ಹಳೇ ಬೇರನ್ನೂ ಅಗೆದು ತೆಗೆದರು. ಗುರಲಿಂಗಪ್ಪ ಹೇಳಿದಂತೆ ಆ ಚಳಿಗಾಲ ಬದನೆ, ಬೆಂಡೆ, ಟೊಮ್ಯಾಟೊ ಮೂರನ್ನೂ ಬಿಟ್ಟು, ಇಲ್ಲಿಯವರು ಗೋಂಡಾ ಎನ್ನುವ ಚೆಂಡುಹೂವು ಹಾಕಿದರು, ಸ್ವಲ್ಪ ಕಡೆ ಬೆಳ್ಳುಳ್ಳಿ ಹಾಕಿದರು. ಚೆಂಡುಹೂವಿನ ಬೇರು ಈ ಹುಳಕ್ಕೆ ಆಗಿಬರುವುದಿಲ್ಲ. ಹೂವು ದಾದರಿನ ಮಾರ್ಕೆಟ್ಟಿಗೆ ಹೋಯಿತು. ಮೇ ತಿಂಗಳ ಬಿಸಿಲಿಗೆ ಮಣ್ಣನ್ನು ಎರಡು ಮೂರು ಸಲ ಅಗೆದು ತಿರುವಿ ಕಾಯಿಸಿದರು. ಅಕ್ಬರಬಿ ಸಸಿಮಡಿಗೆ ಬೇರೆ ಜಾಗ ಆರಿಸಿ, ಸುತ್ತಲಿನ ರೈತರು ಭತ್ತದ ಮಡಿಗೆ ಮಾಡುವ ಹಾಗೆ ಒಣಗಿದ ಎಲೆ, ಸಗಣಿ ಹರಡಿ ನೆಲ ಸುಟ್ಟಳು. ಬಿತ್ತುವ ಮುಂಚೆ ಬೇವಿನ ಹಿಂಡಿ ಬೆರೆಸಿದಳು. ಒಬ್ಬರ ಖುರಪಿ ಇನ್ನೊಬ್ಬರ ತುಂಡಿಗೆ ಹೋಗುವಾಗ ತೊಳೆದೇ ಹೋಗಬೇಕೆಂದು ಕಟ್ಟಳೆ ಮಾಡಿದರು.

ಮುಂದಿನ ಚಳಿಗಾಲ ಶರಣವ್ವನ ಬದನೆ ಸೊಂಟದೆತ್ತರ ಬಂತು. ಕಸ್ತೂರಿಬಾಯಿ ಮಾತ್ರ ಸುಡಲು ಬೇಸರಪಟ್ಟು ಹಳೇ ಬೇರನ್ನು ಬದುವಿನ ಮೇಲೇ ಎಸೆದಿದ್ದಳು. ಬದುವಿನ ಪಕ್ಕದ ಅವಳ ಆ ಮೂಲೆಯ ಗಿಡಗಳು ಇನ್ನೂ ಸೊರಗುತ್ತಿವೆ. ಹುಳ ಮಣ್ಣಿನಿಂದ ಪೂರ್ತಿ ಹೋಗುವುದಿಲ್ಲ, ಹೆಚ್ಚದಂತೆ ಹಿಡಿದಿಡಬೇಕು ಎಂದು ಗುರಲಿಂಗಪ್ಪ ಮೊದಲೇ ಹೇಳಿದ್ದ. ಈಗ ಅಕ್ಬರಬಿ ಹತ್ತಿರ ಸಸಿಗೆ ಹೋದವರಿಗೆ ಅವಳೇ ಬಕೆಟ್ ಮುಂದಿಟ್ಟು, ತೊಳೆದು ಉಜ್ಜಿ ನೋಡಿದ ಮೇಲೆ ಒಯ್ಯಿರಿ ಎನ್ನುತ್ತಾಳೆ. ಜನ ಹೋಗುತ್ತಿದ್ದಾರೆ.

ವಾಡಿ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ಗಿಡ ಬಾಡಿದರೆ ನೆರೆಯವರನ್ನು ದೂರುವ ಮೊದಲು ಒಂದು ಗಿಡವನ್ನು ಅಗೆದು ತೆಗೆಯಿರಿ. ಬೇರು ತೊಳೆಯಿರಿ, ಉಗುರಿನಿಂದ ಒಂದು ಸಲ ಉಜ್ಜಿರಿ. ಗಂಟು ಉದುರದಿದ್ದರೆ ಆ ಮಡಿಯ ಸಸಿಯನ್ನು ಯಾರಿಗೂ ಕೊಡಬೇಡಿರಿ. ನಿಮಗೆ ಪ್ರೀತಿಯವರಿಗಂತೂ ಬೇಡವೇ ಬೇಡ.