ಆಲ್ವಿನ್‌ನ ಗುಂಡಿಯಲ್ಲಿ ನೀರು

ಆಲ್ವಿನ್ ತೀರಿಕೊಂಡದ್ದು ಮೇ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ. ಮಳೆ ಹಿಂದಿನ ದಿನವೇ ಹಿಡಿದಿತ್ತು. ಟಾಸ್ಮೇನಿಯಾದ ಪಶ್ಚಿಮಕ್ಕಿರುವ ಈ ಗಣಿಯೂರಿನಲ್ಲಿ ಎಲೆ ಉದುರುವ ಕಾಲ ಮುಗಿಯುತ್ತ ಬಂದಾಗ ಮಳೆ ಹಿಡಿಯುವುದು ಹೊಸದಲ್ಲ. ಯಾರೂ ಅದರ ಮಾತೆತ್ತಲಿಲ್ಲ. ಅವನ ಹೆಂಡತಿ ನಾರೀನ್ ನನ್ನ ಪಕ್ಕದ ಮನೆಯವಳು. ಬುಧವಾರ ಮಣ್ಣು ಮಾಡುವುದೆಂದಾಯಿತು.

ಮಂಗಳವಾರ ಸಂಜೆ ಆಲ್ವಿನ್‌ನ ತಮ್ಮ ರೆಜ್ ಸ್ಮಶಾನದಿಂದ ಬಂದು, ಒದ್ದೆ ಟೋಪಿ ಹಿಂಡುತ್ತ ಬಾಗಿಲಲ್ಲೇ ನಿಂತ.

"ಗುಂಡಿ ತೋಡಿದ್ದಾರೆ. ಮೊಣಕಾಲುದ್ದ ನೀರು ನಿಂತಿದೆ. ಅದನ್ನ ಗುಂಡಿ ಅನ್ನೋಕಿಂತ ಬಾವಿ ಅನ್ಬೇಕು."

"ಹಾಗಾದ್ರೆ ನಾಳೆ ಬೇಡ," ಎಂದಳು ನಾರೀನ್.

ಕಾರಣ ನಮಗೆಲ್ಲ ಗೊತ್ತಿತ್ತು. ಗಣಿಗೆ ನೀರು ನುಗ್ಗಿದ ವರ್ಷ ಆಲ್ವಿನ್ ಕತ್ತಲಲ್ಲಿ, ಕುತ್ತಿಗೆಮಟ್ಟದ ನೀರಿನಲ್ಲಿ, ಬೆಳಗಾಗುವವರೆಗೆ ನಿಂತಿದ್ದ. ಆಮೇಲೆ ಅವನು ಸ್ನಾನದ ತೊಟ್ಟಿಗೂ ಇಳಿದವನಲ್ಲ; ಬಟ್ಟೆ ಅದ್ದಿ ಮೈ ಒರೆಸಿಕೊಳ್ಳುತ್ತಿದ್ದ.

ಬುಧವಾರ ಸುರಿಯಿತು. ಗುರುವಾರ ಮಳೆಯ ಜೊತೆ ಹಿಮವೂ ಬಿದ್ದು ಬೆಟ್ಟದ ದಾರಿ ಮುಚ್ಚಿತು. ಕರಾವಳಿಯ ಪಟ್ಟಣ ಬರ್ನಿಯಿಂದ ಹೊರಟ ಪಾದ್ರಿ ಅರ್ಧ ದಾರಿಯಲ್ಲೇ ಹಿಂದಿರುಗಿದರು. ಮಧ್ಯಾಹ್ನಕ್ಕೇ ದೀಪ ಹಾಕಬೇಕಾಯಿತು. ಸೌದೆ ನೆಂದು ಒಲೆ ಬರೀ ಹೊಗೆಯಾಡುತ್ತಿತ್ತು. ನೆರೆಯವರು ತಂದಿಟ್ಟ ಕುರಿಮಾಂಸದ ಸಾರು ಮೇಜಿನ ಮೇಲೆ ಆರಿ, ಮೇಲೆಲ್ಲ ಕೊಬ್ಬು ಹೆಪ್ಪುಗಟ್ಟಿತು.

ಶುಕ್ರವಾರ ದಾರಿ ತೆರೆಯಿತು. ರೆಜ್‌ಗೆ ತಡೆಯಲಾಗಲಿಲ್ಲ.

"ಬರ್ನಿಗೆ ಕಳಿಸಿ ಸುಟ್ಟುಬಿಡೋಣ ನಾರೀನ್. ಬೆಂಕಿಯಾದ್ರೂ ಬೆಚ್ಚಗಿರುತ್ತೆ."

"ಅವನ ಅಪ್ಪ ಅಮ್ಮ ಇಲ್ಲೇ ಮಲಗಿದ್ದಾರೆ. ಸುಡೋ ಮಾತು ಎತ್ತಬೇಡ."

"ಮತ್ತೇನು, ಬೇಸಿಗೆವರೆಗೂ ಕಾಯ್ತೀಯಾ? ಆಕಾಶದ ಹತ್ರ ಹಟ ಮಾಡಿ ಗೆದ್ದೋರು ಯಾರಿದ್ದಾರೆ ಮಾರಾಯ್ತಿ?"

ನಾನು ಕಪ್ಪುಗಳನ್ನು ತೊಳೆದಿಟ್ಟು ಬಂದಾಗ ನಾರೀನ್ ಹೊಗೆಯಾಡುವ ಒಲೆಯನ್ನು ಕೆದಕುತ್ತಿದ್ದಳು. ಕೊನೆಗೆ, "ನಾಳೆ ಮಾಡಿಬಿಡಿ. ನನ್ನ ಕೈಲಿ ಇನ್ನಾಗಲ್ಲ," ಎಂದಳು.

ಶನಿವಾರ ಮಳೆ ಹನಿಗೆ ಇಳಿದು, ಊರ ತುಂಬ ಮಂಜು ಕವಿಯಿತು. ಬೆಳಗಾಗುತ್ತಲೇ ರೆಜ್ ತಾನೇ ಗುಂಡಿಗಿಳಿದು ಬಕೆಟ್‌ನಲ್ಲಿ ನೀರು ಎತ್ತಿಹಾಕಿದ್ದ. ಅರವತ್ತು ದಾಟಿದ ಮನುಷ್ಯ. ತಳಕ್ಕೆ ಸೊಪ್ಪಿನ ಕೊಂಬೆಗಳನ್ನು ದಪ್ಪಗೆ ಹಾಸಿದ್ದ. ಆದರೂ ನಾವು ಹೋಗಿ ನಿಲ್ಲುವಷ್ಟರಲ್ಲಿ ಎಲೆಗಳ ಸಂದಿನಲ್ಲಿ ಕಂದು ನೀರು ಜಿನುಗುತ್ತಿತ್ತು.

ಹಗ್ಗ ಸಡಿಲಿಸುತ್ತ ಇಳಿಸಿದರು. ಪೆಟ್ಟಿಗೆ ತಳ ಮುಟ್ಟಿದಾಗ, ಕೆಸರಲ್ಲಿ ಕಾಲಿಟ್ಟಂಥ ಒಂದು ಸಣ್ಣ ಸದ್ದಾಯಿತು. ರೆಜ್ ಮುಖ ಆ ಕಡೆ ತಿರುಗಿಸಿದ. ಪಾದ್ರಿ ದನಿ ಏರಿಸಿ ಓದತೊಡಗಿದರು.

ಆಮೇಲೆ ಚರ್ಚಿನ ಹಾಲ್‌ನಲ್ಲಿ ನಾರೀನ್ ಎಲ್ಲರಿಗೂ ಟೀ ಕೊಟ್ಟಳು. ಸಕ್ಕರೆ ಬೇಕೇ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಮನೆಗೆ ನಡೆಯುವಾಗ ನನ್ನ ತೋಳು ಹಿಡಿದುಕೊಂಡಳು.

"ಪೆಟ್ಟಿಗೆ ಇಳಿಸಿದಾಗ ನಿಂಗೇನಾದ್ರೂ ಕೇಳಿಸ್ತಾ?"

"ಇಲ್ಲ," ಎಂದೆ.

"ನಂಗೂ ಇಲ್ಲ."

ಭಾನುವಾರ ಮತ್ತೆ ಮಳೆ ಬಂತು. ಅವಳ ಮನೆಯ ಪರದೆಗಳು ಸಂಜೆಯವರೆಗೂ ಸರಿಯಲಿಲ್ಲ.