ಲಾಂಛನದ ಬಿದಿರಿಗೆ ಹೂವು

ಸಿದ್ದಕ್ಕ ರೊಟ್ಟಿ ಬಡಿದು ಹಂಚಿಗೆ ಹಾಕುವಷ್ಟರಲ್ಲಿ ಒಳಕೋಣೆಯಿಂದ ಅವಳ ತಾಯಿಯ ನಗು ಕೇಳಿಸಿತು. ತವರೂರು ಗುಂಜಿಯಿಂದ ಬೆಳಗಾವಿಗೆ ಕರೆತಂದ ಮೇಲೆ ಸತ್ಯವ್ವ ನಕ್ಕಿರಲೇ ಇಲ್ಲ. ಸಿದ್ದಕ್ಕ ಹಿಟ್ಟಿನ ಕೈ ಕೊಡವಿಕೊಂಡು ಎದ್ದಳು.

ಸತ್ಯವ್ವನ ಹೊಟ್ಟೆಯೊಳಗಿನ ಗಂಟಿಗೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದು ಸಿದ್ದಕ್ಕನಿಗೂ ಗಂಡ ಬೀರಣ್ಣನಿಗೂ ಮಾತ್ರ ಗೊತ್ತಿತ್ತು. ಅಜ್ಜಿಯನ್ನು ಆಯಿ ಎನ್ನುತ್ತಿದ್ದ ಮಗಳು ಕಾಂತಾಳಿಗೆ "ಆಯಿಗೆ ಸ್ವಲ್ಪ ನಿಶ್ಶಕ್ತಿ" ಎಂದಷ್ಟೇ ಹೇಳಿದ್ದಳು. ತಾಯಿಗೂ ಅದನ್ನೇ ಹೇಳಿದ್ದಳು. ಹುಡುಗಿ ನಂಬಿದ್ದಳೋ ಇಲ್ಲವೋ. ಈಚೆಗೆ ಏನೋ ಕೇಳಲೆಂದು ಬಾಯಿ ತೆರೆದು, ಅವ್ವನ ಮುಖ ನೋಡಿ, "ಏನಿಲ್ಲ ತಗೋ" ಎಂದು ಓಡಿಬಿಡುತ್ತಿದ್ದಳು.

ಕಾಂತಾ ಅಜ್ಜಿಯ ಹಾಸಿಗೆಯ ಅಂಚಿಗೆ ಕುಳಿತು ಕಸೂತಿ ಹಾಕುತ್ತಿದ್ದಳು. ಊರಿಗೆ ಮಹಾನಗರಪಾಲಿಕೆ ಬಂದ ಹೊಸದು. ಬೆಳಗಾವಿಗೆ ತಾವೇ ಒಂದು ಲಾಂಛನ ಮಾಡಿದರೆ ಹೇಗಿದ್ದೀತು ಎಂದು ಶಾಲೆಯಲ್ಲಿ ಪಾಠ ಹೇಳುವ ಬಾಯೋರು ಬಟ್ಟೆಯ ಮೇಲೆ ಚಿತ್ರ ಬರೆದುಕೊಟ್ಟಿದ್ದರು. ಕೆಳಗೆ ಕೋಟೆಯ ಗೋಡೆ, ಅದರ ಸುತ್ತ ಕಂದಕದ ನೀರು, ನಡುವೆ ಬಿದಿರು ಮೆಳೆ. ವೇಣುಗ್ರಾಮ ಎಂಬುದು ಊರಿನ ಹಳೆಯ ಹೆಸರು, ಬಿದಿರಿನ ಊರು.

"ಗ್ವಾಡಿ ಅಂದ್ರ ಧೈರ್ಯ, ನೀರಂದ್ರ ದಯಾ, ಬಿದರಂದ್ರ ಎಂದೂ ಮುಗೀಲಾರದ ವಂಶ," ಎಂದು ಕಾಂತಾ ಒಪ್ಪಿಸುತ್ತಿದ್ದಳು.

ಸಿದ್ದಕ್ಕ ಬಾಗಿ ನೋಡಿದಳು. ಹಸಿರು ಬಿದಿರಿನ ತುದಿಗೆಲ್ಲ ಹಳದಿ ದಾರದ ಚುಕ್ಕೆಗಳು.

"ಇದೇನವಾ?"

"ಹೂವಾ. ಆಯಿ ಹಾಕು ಅಂದಳು."

ಅಡವಿಯ ಅಂಚಿನಲ್ಲಿ ಬೆಳೆದವಳು ಸಿದ್ದಕ್ಕ. ವರ್ಷಾನುಗಟ್ಟಲೆ ಹೂವನ್ನೇ ಕಾಣದ ಮೆಳೆ ಒಂದೇ ಸಲ ಮೈತುಂಬ ಹೂಬಿಟ್ಟು, ನಿಂತಲ್ಲೇ ಒಣಗಿಹೋಗುವುದನ್ನು ಕಂಡಿದ್ದಳು. ಗುಂಜಿಯ ಕಡೆ ಬೇನೆಯವರಿದ್ದ ಮನೆಯಲ್ಲಿ ಆ ಹೂವಿನ ಹೆಸರನ್ನೂ ಎತ್ತುತ್ತಿರಲಿಲ್ಲ.

"ಬಾಯೋರು ಬೈತಾರ. ತಾ ಇಲ್ಲಿ, ಬಿಚ್ಚತೀನಿ," ಎಂದು ಕತ್ತರಿ ಎತ್ತಿಕೊಂಡಳು.

"ಇರಲಿ ಬಿಡ, ಸಿದ್ದಿ," ಎಂದಳು ಸತ್ಯವ್ವ. "ನಿಮ್ಮ ಬಾಯೋರು ಬಿದರಮೆಳಿ ಕಂಡಾರೋ, ಬರೇ ಬುಟ್ಟಿ ಕಂಡಾರೋ." ಮತ್ತೆ ಅದೇ ನಗು, ಅರ್ಧಕ್ಕೇ ನೋವು ಬಂದು ತಡೆಯಿತು.

"ಊರಿನ ಗುರ್ತಿನ್ಯಾಗ ಈ ಹೂ ಬರಬಾರದವ್ವ. ಊರಂದ್ರ ಯಾವಾಗೂ ಹಸರ ಇರಬೇಕು."

"ಊರು ಇರತೈತಿ. ಹೊಸಾ ಮೆಳಿ ಏಳಬೇಕಂದ್ರ ಹೂವಾಗಬೇಕು, ಬೀಜ ನೆಲಕ್ಕ ಬೀಳಬೇಕು. ಹುಡುಗಿಗೆ ಅಷ್ಟ ಹೇಳೀನಿ ನಾ." ಸತ್ಯವ್ವ ಮಗಳನ್ನೇ ನೋಡಿದಳು. "ಹಳೀ ಮೆಳಿ ಏನಾಗತೈತಿ ಅನ್ನೂದು ಹೇಳಿಲ್ಲ. ಅದನ್ನ ನೀ ಹೇಳು."

ಸಿದ್ದಕ್ಕ ಒಂದು ಹಳದಿ ಚುಕ್ಕೆಯ ಕೆಳಗೆ ಕತ್ತರಿಯ ಮೊನೆ ತೂರಿಸಿದಳು. ಕೈ ಮುಂದೆ ಹೋಗಲಿಲ್ಲ. ಹಾಗಾದರೆ ಅವ್ವನಿಗೆ ಎಲ್ಲ ತಿಳಿದಿದೆ. ಇಷ್ಟು ದಿನ ತಾನು ಹೇಳಿದ ಸುಳ್ಳಿಗೆಲ್ಲ ಸುಮ್ಮನೆ ತಲೆಯಾಡಿಸಿದ್ದಾಳೆ. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು, ಯಾರೂ ಏಳಲಿಲ್ಲ.

ಕಾಂತಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಕತ್ತರಿಯನ್ನು ನೋಡಿದಳು, ಅಜ್ಜಿಯ ಬತ್ತಿದ ಕೈಯನ್ನು ನೋಡಿದಳು, ಆಮೇಲೆ ತಾಯಿಯ ಮುಖವನ್ನು. ಈ ಸಲ ಓಡಿಹೋಗಲಿಲ್ಲ.

"ಅವ್ವಾ, ಆಯಿ ಸಾಯತಾಳೇನ?"